ಆರು ಸಾಲಿನ ಕ್ಷಮಾಪಣೆ ಪತ್ರ: ಒಂದು ವಿಮರ್ಶೆ

ಪುಸ್ತಕ ವಿಮರ್ಶೆ, ಸಿನಿಮಾ ವಿಮರ್ಶೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಈ ಸಲ ಒಂದು ಪತ್ರವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಒಟ್ಟು ಆರು ಸಾಲು. ಎ4 ಹಾಳೆ, ನೀಲಿ ಇಂಕು, ಕೆಳಗೆ ಬರೆದವಳ ಸಹಿ, ಪಕ್ಕದಲ್ಲಿ ಅವಳ ಅಪ್ಪನ ಸಹಿ. ಬರೆದವಳು ನನ್ನ ಚಿಕ್ಕಪ್ಪನ ಮಗಳು. ಮನೆ ಭದ್ರಾವತಿ, ನರ್ಸಿಂಗ್ ಓದುತ್ತಿರುವುದು ಶಿವಮೊಗ್ಗದಲ್ಲಿ. ಕಾಲೇಜಿನ ಹೆಸರಾಗಲಿ ಆಸ್ಪತ್ರೆಯ ಹೆಸರಾಗಲಿ ಇಲ್ಲಿ ಬರುವುದಿಲ್ಲ, ಅವಳು ಇನ್ನೂ ಅಲ್ಲೇ ಓದಿ ಮುಗಿಸಬೇಕು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಹಬ್ಬಕ್ಕೆ ಊರಿಗೆ ಹೋದಾಗ ಭದ್ರಾವತಿಯಲ್ಲಿ ಅವರ ಮನೆಗೆ ಹೋಗಿದ್ದೆ. ತಂಗಿ ಮೊದಲಿನ ಹಾಗೆ ಮಾತಾಡಲಿಲ್ಲ. ಕಾಫಿ ಕೊಟ್ಟು ಒಳಗೆ ಹೋದಳು. ಚಿಕ್ಕಮ್ಮ ಮೆಲ್ಲಗೆ, "ಅವಳು ಕಾಲೇಜು ಬಿಡ್ತೀನಿ ಅಂತಿದಾಳೆ ಕಣೋ, ನೀನಾದ್ರೂ ಒಂದು ಮಾತು ಹೇಳು" ಅಂದರು. ಏನಾಯ್ತು ಅಂತ ಕೇಳಿದ್ದಕ್ಕೆ ಅವಳು ಬಾಯಲ್ಲಿ ಹೇಳಲಿಲ್ಲ. ಮೊಬೈಲಿನಲ್ಲಿ ಎರಡು ಫೋಟೋ ತೋರಿಸಿದಳು. ಒಂದು ಈ ಆರು ಸಾಲಿನ ಪತ್ರ, ಇಂಗ್ಲಿಷಿನದ್ದು. ಇನ್ನೊಂದು ಅದಕ್ಕಿಂತ ಮೊದಲು ಕನ್ನಡದಲ್ಲಿ ಬರೆದಿದ್ದ ಒಂದೂವರೆ ಪುಟದ ಕರಡು, ಮೇಲಿಂದ ಕೆಳಗೆ ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಹೊಡೆದದ್ದು.

ಸಾಹಿತ್ಯ ಓದಿದವರು ಪಾಠಾಂತರ ಅಂತಾರಲ್ಲ, ಒಂದೇ ಕೃತಿಯ ಎರಡು ಪ್ರತಿ ಸಿಕ್ಕಾಗ ಪಕ್ಕಪಕ್ಕ ಇಟ್ಟು ನೋಡುವುದು, ನಾನು ಮಾಡಿದ್ದು ಅದನ್ನೇ. ಬಿಇ ಓದಿದವನ ಭಾಷೆಯಲ್ಲಿ ಹೇಳಬೇಕಂದ್ರೆ ಎರಡು ವರ್ಷನ್‌ಗಳ ಡಿಫ್ ತೆಗೆದೆ.

ಮೊದಲ ಪ್ರತಿಯಲ್ಲಿ ಇದ್ದದ್ದು ಇಷ್ಟು. ಬೆಳಗಿನ ಹೊತ್ತು, ಮೆಡಿಕಲ್ ವಾರ್ಡು. ಮೂವತ್ನಾಲ್ಕು ಬೆಡ್, ಒಬ್ಬರೇ ಸ್ಟಾಫ್ ನರ್ಸ್, ಪೋಸ್ಟಿಂಗ್ ಮೇಲೆ ಬಂದ ಮೂವರು ಹುಡುಗಿಯರು. ಒಬ್ಬ ಅಜ್ಜಿಗೆ ತಿಂಡಿಗೆ ಮುಂಚೆ ಹದಿನಾರು ಯೂನಿಟ್ ಇನ್ಸುಲಿನ್ ಹಾಕಬೇಕು ಅಂತ ಕೇಸ್ ಶೀಟಿನಲ್ಲಿತ್ತು. ವಾರ್ಡಿನ ಸ್ಟಾಕ್ ಹಿಂದಿನ ದಿನವೇ ಮುಗಿದಿತ್ತು. ಅಜ್ಜಿಯ ಮಗ ಹೊರಗಡೆ ಮೆಡಿಕಲ್ ಶಾಪಿನಿಂದ ಒಂದು ವಯಲ್ ತಂದುಕೊಟ್ಟಿದ್ದ. ಸ್ಟಾಫ್ ನರ್ಸ್ ಆಗತಾನೇ ಬಂದ ಅಡ್ಮಿಶನ್ ಹಿಂದೆ ಓಡುತ್ತಿದ್ದವರು ಅಲ್ಲಿಂದಲೇ, "ಹದಿನಾರು ಹಾಕ್ಬಿಡಮ್ಮ" ಅಂದರು. ಇವಳು ಟ್ರೇಯಲ್ಲಿದ್ದ ಸಿರಿಂಜ್ ತೆಗೆದುಕೊಂಡು ಹದಿನಾರನೇ ಗೀಟಿನವರೆಗೆ ಎಳೆದು ಹಾಕಿದಳು. ತಿಂಡಿ ಗಾಡಿ ಅವತ್ತು ತಡ. ಒಂದು ಗಂಟೆ ಕಳೆದ ಮೇಲೆ ಅಜ್ಜಿ ಬೆವರಿ, ಸಂಬಂಧವಿಲ್ಲದ ಮಾತಾಡುತ್ತಿದ್ದುದನ್ನು ಮೊದಲು ಗಮನಿಸಿದವಳೂ ಇವಳೇ. ಬೆರಳು ಚುಚ್ಚಿ ನೋಡಿದರೆ ಶುಗರ್ 46. ಕೂಗಿದಳು. ಸ್ಟಾಫ್ ನರ್ಸ್ ಓಡಿಬಂದು ಡಾಕ್ಟರನ್ನು ಕರೆದು ಡೆಕ್ಸ್‌ಟ್ರೋಸ್ ಏರಿಸಿದರು. ಅರ್ಧ ಗಂಟೆಯಲ್ಲಿ ಅಜ್ಜಿ ಎದ್ದು ಕೂತು ಟೀ ಕೇಳಿತು. ಆಮೇಲೆ ಇವಳು ಟ್ರೇ ಹತ್ತಿರ ಹೋಗಿ ವಯಲ್ ತಿರುಗಿಸಿ ಲೇಬಲ್ ಓದಿದಳು. ಅದರ ಮೇಲೆ 100 ಅಂತ ಇತ್ತು. ಅವಳು ಬಳಸಿದ ಸಿರಿಂಜಿನದು ಕೆಂಪು ಮುಚ್ಚಳ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮನೆಯಲ್ಲಿ ಶುಗರ್ ಇರುವ ಅಪ್ಪ ಅಮ್ಮ ಇದ್ದೂ ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಮಾರಾಟವಾಗುತ್ತದೆ. ಒಂದು ಎಂಎಲ್‌ಗೆ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಎರಡಕ್ಕೂ ಬೇರೆಬೇರೆ ಸಿರಿಂಜ್. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಸಿರಿಂಜಿನ ಮೇಲಿನ ಗೀಟುಗಳು ಎಂಎಲ್ ಲೆಕ್ಕದಲ್ಲಿರುವುದಿಲ್ಲ, ನೇರ ಯೂನಿಟ್ ಲೆಕ್ಕದಲ್ಲಿರುತ್ತವೆ. ಹಾಗಾಗಿ ಕೆಂಪು ಸಿರಿಂಜಿನಲ್ಲಿ ಹದಿನಾರನೇ ಗೀಟು ಅಂದರೆ 0.4 ಎಂಎಲ್. ಅದೇ 0.4 ಎಂಎಲ್ ಅನ್ನು 100ರ ವಯಲ್‌ನಿಂದ ಎಳೆದರೆ ಒಳಗೆ ಹೋಗುವುದು 40 ಯೂನಿಟ್. ಎರಡೂವರೆ ಪಟ್ಟು. ಇವಳು ಗೀಟು ತಪ್ಪಾಗಿ ಓದಿರಲಿಲ್ಲ. ಲೆಕ್ಕವನ್ನೂ ತಪ್ಪು ಮಾಡಿರಲಿಲ್ಲ. ಹದಿನಾರು ಅಂದರು, ಹದಿನಾರೇ ಎಳೆದಳು. ಅವತ್ತು ಆ ವಾರ್ಡಿನಲ್ಲಿ ಕಿತ್ತಳೆ ಮುಚ್ಚಳದ ಸಿರಿಂಜು ಒಂದೂ ಇರಲಿಲ್ಲ ಅನ್ನುವುದು ಮೊದಲ ಪ್ರತಿಯ ಎರಡನೇ ಪುಟದಲ್ಲಿದೆ. ಇಡೀ ಬರಹದಲ್ಲಿ ಅತಿ ಮುಖ್ಯವಾದ ವಾಕ್ಯ ಅದೇ. ಕೆಂಪು ಪೆನ್ನು ಅತಿ ಜೋರಾಗಿ ಓಡಿರುವುದೂ ಅದರ ಮೇಲೇ, ಹಾಳೆ ಸ್ವಲ್ಪ ಹರಿದಿದೆ.

"ಕಥೆ ಎಲ್ಲಾ ಬೇಡ, ತಪ್ಪು ಒಪ್ಕೊಂಡು ಬರಿ" ಅಂದರಂತೆ.

ಎರಡನೇ ಪ್ರತಿಗೆ ಬರೋಣ. ರೆಸ್ಪೆಕ್ಟೆಡ್ ಮೇಡಂ ಅಂತ ಶುರು. ಡ್ಯೂ ಟು ಮೈ ಕೇರ್‌ಲೆಸ್‌ನೆಸ್ ಅಂತ ಎರಡನೇ ಸಾಲು. ಇನ್ನು ಮುಂದೆ ಹೀಗೆ ಆಗದಂತೆ ನೋಡಿಕೊಳ್ಳುತ್ತೇನೆ, ಆದರೆ ಕಾಲೇಜು ತೆಗೆದುಕೊಳ್ಳುವ ಯಾವುದೇ ಕ್ರಮಕ್ಕೆ ಬದ್ಧಳಾಗಿರುತ್ತೇನೆ ಅನ್ನುವುದು ಕೊನೆಯ ಎರಡು ಸಾಲು. ಇನ್ಸುಲಿನ್ ಅನ್ನುವ ಪದ ಇಲ್ಲ. ವಾರ್ಡು ಯಾವುದು ಅಂತ ಇಲ್ಲ. ಅಜ್ಜಿ ಇಲ್ಲ, ಸಿರಿಂಜ್ ಇಲ್ಲ, 46 ಇಲ್ಲ. ಇದನ್ನು ಓದಿದವರು ಹುಡುಗಿ ಹಾಸ್ಟೆಲಿಗೆ ತಡವಾಗಿ ಬಂದಿದ್ದಕ್ಕೆ ಬರೆದದ್ದು ಅಂದುಕೊಂಡರೂ ತಪ್ಪಿಲ್ಲ.

ಅಷ್ಟು ಚೆನ್ನಾಗಿ ಇಂಗ್ಲಿಷ್ ಎಲ್ಲಿಂದ ಬಂತು ಅಂತ ತಮಾಷೆಗೆ ಕೇಳಿದೆ. ಅದು ಅವಳದ್ದಲ್ಲವಂತೆ. ಹಾಸ್ಟೆಲಿನ ವಾಟ್ಸಾಪ್ ಗ್ರೂಪಿನಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಬರುವ ಟೆಂಪ್ಲೇಟು. ಹೆಸರಿಗೆ ಜಾಗ, ದಿನಾಂಕಕ್ಕೆ ಜಾಗ, ರಿಜಿಸ್ಟರ್ ನಂಬರಿಗೆ ಜಾಗ. ಏನಾಯ್ತು ಅನ್ನುವುದಕ್ಕೆ ಜಾಗವಿಲ್ಲ. ಆ ಟೆಂಪ್ಲೇಟಿನಲ್ಲಿ ಇವಳಿಗಿಂತ ಮುಂಚೆ ಎಷ್ಟು ಜನ ಸಹಿ ಹಾಕಿದ್ದಾರೋ. ಅವರಲ್ಲಿ ಎಷ್ಟು ಜನ ಕೆಂಪು ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದವರೋ. ಎಲ್ಲ ತಪ್ಪುಗಳೂ ಒಂದೇ ಆರು ಸಾಲಿನೊಳಗೆ ಹೋಗಿ ಒಂದೇ ಥರ ಕಾಣುತ್ತವೆ. ನೂರು ಬೇರೆಬೇರೆ ಎರರ್‌ಗೆ ಒಂದೇ ಮೆಸೇಜ್ ತೋರಿಸುವ ಸಾಫ್ಟ್‌ವೇರನ್ನು ನಾವು ಎಷ್ಟು ಬೈಯುತ್ತೇವೆ ಅಂತ ಇದನ್ನು ಓದುತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಭಾಷೆಯ ವಿಷಯ ಒಂದು. ಕನ್ನಡದಲ್ಲಿ ನಾವು ಕ್ಷಮೆ ಕೇಳುವಾಗ "ತಪ್ಪಾಯ್ತು" ಅನ್ನುತ್ತೇವೆ. ಆ ಮಾತಿಗೆ ಕರ್ತೃವೇ ಇಲ್ಲ. ಆದರೂ ಹೇಳಿದವನು ತಪ್ಪು ಒಪ್ಪಿಕೊಂಡ ಅಂತಲೇ ಕೇಳಿದವನಿಗೆ ಅರ್ಥವಾಗುತ್ತದೆ. ಮನುಷ್ಯನೂ ಉಳಿಯುತ್ತಾನೆ, ಏನಾಯ್ತು ಅಂತ ಮಾತಾಡಲು ಜಾಗವೂ ಉಳಿಯುತ್ತದೆ. ತಂಗಿಯ ಕನ್ನಡ ಕರಡಿನ ಕೊನೆಗೆ "ನನ್ನಿಂದ ತಪ್ಪಾಯಿತು" ಅಂತಲೇ ಇತ್ತು. ಇಂಗ್ಲಿಷಿಗೆ ಹೋಗುವಾಗ ಅದು ನನ್ನ ಅಜಾಗರೂಕತೆ ಆಯಿತು. ಘಟನೆ ಹೋಗಿ ಗುಣ ಬಂತು. ಇಪ್ಪತ್ತು ವರ್ಷದ ಹುಡುಗಿಗೆ ತನ್ನ ಸ್ವಭಾವವೇ ಕೆಟ್ಟದ್ದು ಅಂತ ತನ್ನ ಕೈಯಾರೆ ಬರೆಸಿ, ಅಪ್ಪನ ಕೈಲಿ ಸಾಕ್ಷಿ ಹಾಕಿಸಿದರೆ ಅವಳು ಕಾಲೇಜು ಬಿಡ್ತೀನಿ ಅನ್ನದೆ ಇನ್ನೇನು ಅಂತಾಳೆ?

ಅವಳಿಗೆ ಕೆಂಪು, ಕಿತ್ತಳೆ ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಎರಡು ಮಾರ್ಕ್ಸಿನ ಪ್ರಶ್ನೆ ಅದು, ಎರಡೂ ತಗೊಂಡಿದ್ದಾಳೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಡೋಸ್, ಸರಿಯಾದ ದಾರಿ, ಸರಿಯಾದ ಸಮಯ ಅಂತ ಐದು 'ರೈಟ್'ಗಳನ್ನು ಅವಳು ಮಗ್ಗಿ ಹೇಳಿದ ಹಾಗೆ ಹೇಳುತ್ತಾಳೆ. ಆದರೆ ವಾರ್ಡಿನಲ್ಲಿ ಅವಳು ಅಲ್ಲಿಯವರೆಗೆ ನೋಡಿದ್ದದ್ದು ಬರೀ 40ರ ವಯಲ್, ಬರೀ ಕೆಂಪು ಮುಚ್ಚಳ. ದಿನಾ ಕೈ ಏನು ಮಾಡಿರುತ್ತೋ ಆ ದಿನವೂ ಅದನ್ನೇ ಮಾಡಿತು.

ನಮ್ಮ ಕಡೆಯ ಒಂದು ಪ್ರಸಿದ್ಧ ಕಥೆ ಇದೆ, ನಮ್ಮ ಅಂದರೆ ಎಂಜಿನಿಯರ್‌ಗಳ ಕಡೆಯದು. 1999ರಲ್ಲಿ ನಾಸಾ ಮಂಗಳಕ್ಕೆ ಕಳಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕಳೆದುಹೋಯಿತು. ಒಂದು ತಂಡದ ಸಾಫ್ಟ್‌ವೇರ್ ಬಲವನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಅಂದುಕೊಂಡು ಓದುತ್ತಿತ್ತು. ಸಂಖ್ಯೆ ಸರಿ, ಅಳತೆ ಬೇರೆ. ತಂಗಿಯ ಕೈಲಿ ಆದದ್ದೂ ಅದೇ. ಆ ನೌಕೆಯ ವಿಷಯದಲ್ಲಿ ತನಿಖಾ ಮಂಡಳಿ ಕೂತು ವರದಿ ಬರೆಯಿತು. ಇವತ್ತಿಗೂ ಕಾಲೇಜುಗಳಲ್ಲಿ ಅದನ್ನು ಪಾಠ ಮಾಡುತ್ತಾರೆ. ಯಾರೋ ಒಬ್ಬ ಟ್ರೈನಿ ಕೈಲಿ ಡ್ಯೂ ಟು ಮೈ ಕೇರ್‌ಲೆಸ್‌ನೆಸ್ ಅಂತ ಬರೆಸಿ ಫೈಲ್ ಮುಚ್ಚಲಿಲ್ಲ.

ಇನ್ಸುಲಿನ್‌ನದೇ ಉದಾಹರಣೆ ಬೇಕಂದ್ರೆ, ಬ್ರಿಟನ್ 1983ರಲ್ಲೇ ಬೇರೆ ಸಾಂದ್ರತೆಗಳನ್ನು ಬಿಟ್ಟು 100ಕ್ಕೆ ಹೋಯಿತು. ಅಲ್ಲಿಯ ನರ್ಸುಗಳೆಲ್ಲ ಒಂದೇ ರಾತ್ರಿಯಲ್ಲಿ ನಮ್ಮವರಿಗಿಂತ ಜಾಗರೂಕರಾಗಿಬಿಟ್ಟರು ಅಂತಲ್ಲ. ಗೊಂದಲ ಮಾಡಿಕೊಳ್ಳಲು ಎರಡು ಬಗೆಯೇ ಇಲ್ಲದ ಹಾಗೆ ಮಾಡಿದರು. ನಮ್ಮಲ್ಲಿ ಎರಡೂ ಇವೆ, ಮುಚ್ಚಳದ ಬಣ್ಣ ಇದೆ. ಆ ಎರಡು ಬಣ್ಣಗಳೋ, ಅಕ್ಕಪಕ್ಕದವು.

ನಾನು ಇದನ್ನೆಲ್ಲ ತಂಗಿಗೆ ಬಹಳ ಹುರುಪಿನಿಂದ ಹೇಳಿದೆ. ಜೊತೆಗೆ ನನ್ನದೂ ಒಂದು ಹೇಳಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಟೆಸ್ಟ್ ಸರ್ವರ್ ಅಂದುಕೊಂಡು ಪ್ರೊಡಕ್ಷನ್ನಿನಲ್ಲಿ ಒಂದು ಡಿಲೀಟ್ ಸ್ಕ್ರಿಪ್ಟ್ ಓಡಿಸಿದ್ದೆ. ಎರಡೂ ವಿಂಡೋ ಒಂದೇ ಕಪ್ಪು ಬಣ್ಣದವು. ಮುಕ್ಕಾಲು ಗಂಟೆ ಎಲ್ಲ ಬಂದ್. ಮರುದಿನ ಮೀಟಿಂಗ್ ಕರೆದರು. ನಾನು ಕೆಲಸ ಹೋಯ್ತು ಅಂದುಕೊಂಡೇ ಹೋದೆ. ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ, ಎರಡು ವರ್ಷದ ಹುಡುಗನಿಗೆ ಆ ಪರ್ಮಿಷನ್ ಯಾಕಿತ್ತು ಅಂತ. ವರದಿಯಲ್ಲಿ ನನ್ನ ಹೆಸರೇ ಬರಲಿಲ್ಲ, 'ಒಬ್ಬ ಎಂಜಿನಿಯರ್' ಅಂತ ಇತ್ತು. ಒಂದು ವಾರದಲ್ಲಿ ಪ್ರೊಡಕ್ಷನ್ ವಿಂಡೋ ಕೆಂಪಾಯಿತು. ಮುಂದಿನ ವರ್ಷ ಹೊಸಬರಿಗೆ ಆ ವಿಷಯ ಹೇಳಿಕೊಡುವ ಕೆಲಸವನ್ನೂ ನನಗೇ ಕೊಟ್ಟರು.

ಅವಳು ಪೂರ್ತಿ ಕೇಳಿಸಿಕೊಂಡು, "ಅಣ್ಣ, ನಿನ್ನ ಸರ್ವರ್ ಬೆವರಲ್ಲ" ಅಂದಳು.

ಸುಮ್ಮನಾದೆ. ಆ ಮಾತಿನಲ್ಲಿ ನನ್ನ ವಾದದ ತೂತು ಇದೆ, ಮುಚ್ಚಿಡುವುದು ಬೇಡ. ತಪ್ಪೆಲ್ಲ ವ್ಯವಸ್ಥೆಯದು, ಮನುಷ್ಯರು ಬರೀ ಕೈಗಳು ಅನ್ನುವುದು ಏಸಿ ರೂಮಿನಲ್ಲಿ ಕೂತವರಿಗೆ ಹಾಯಾದ ತತ್ವ. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ಆಡೂರು ಆರೋಗ್ಯ ಕೇಂದ್ರದಲ್ಲಿ ಏಳು ವರ್ಷದ ಹುಡುಗನ ಕೆನ್ನೆಯ ಗಾಯಕ್ಕೆ ಹೊಲಿಗೆ ಹಾಕುವ ಬದಲು ನರ್ಸ್ ಒಬ್ಬರು ಫೆವಿಕ್ವಿಕ್ ಹಾಕಿದರು. ತಾಯಿತಂದೆ ವಿಡಿಯೋ ಮಾಡಿಕೊಂಡರು. ಮೊದಲು ಬೇರೆ ಕಡೆ ವರ್ಗಾಯಿಸಿ, ಸುದ್ದಿ ದೊಡ್ಡದಾದ ಮೇಲೆ ಅಮಾನತು ಮಾಡಿದರು. ಅಲ್ಲಿ ಟ್ರೇ ಮೇಲೆ ಎರಡು ಒಂದೇ ಥರದ ಬಾಟಲಿ ಇರಲಿಲ್ಲ. ಅದು ಕೈ ತಪ್ಪಿದ್ದಲ್ಲ, ತಿಳಿದು ಮಾಡಿದ್ದು. ಅಂಥದ್ದಕ್ಕೂ ಇಂಥದ್ದಕ್ಕೂ ಗೆರೆ ಎಳೆಯಲೇಬೇಕು. ನನ್ನ ಜಗಳ ಏನೆಂದರೆ, ಆರು ಸಾಲಿನ ಟೆಂಪ್ಲೇಟು ಆ ಗೆರೆಯನ್ನೇ ಅಳಿಸುತ್ತದೆ. ಫೆವಿಕ್ವಿಕ್ ಹಾಕಿದವರೂ, ಕೆಂಪು ಸಿರಿಂಜ್ ಎತ್ತಿಕೊಂಡವಳೂ ಅದೇ ಕಾಗದಕ್ಕೆ ಸಹಿ ಹಾಕಬಹುದು.

ಹಾಗಂತ ಯಾರೂ ಎಲ್ಲೂ ಸರಿಯಾಗಿ ವಿಚಾರಿಸುವುದೇ ಇಲ್ಲ ಅಂತಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರಲ್ಲ, ಐದು ಜೀವ. ಡ್ರಿಪ್ ಹಾಕಿದ ಕೈ ಯಾರೋ ಒಬ್ಬ ನರ್ಸಿನದೇ ಇದ್ದಿರಬೇಕು. ಆದರೆ ವಿಚಾರಣೆ ಆ ಕೈಯಲ್ಲಿ ನಿಲ್ಲದೆ ಬಾಟಲಿಯವರೆಗೆ ಹೋಯಿತು. ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ, ಅದನ್ನು ಪೂರೈಸಿದ ಪಶ್ಚಿಮ ಬಂಗಾ ಫಾರ್ಮಾಸ್ಯುಟಿಕಲ್ಸ್ ಮೇಲೆ ಸಂಶಯ ಬಂತು. ರಾಜ್ಯದ ಔಷಧ ನಿಯಂತ್ರಕರನ್ನು ಸರ್ಕಾರ ಅಮಾನತು ಮಾಡಿತು. ಅಂದರೆ ಬಾಟಲಿಯವರೆಗೆ ಹೋಗಲು ನಮಗೆ ಬರುತ್ತದೆ. ಐದು ಜೀವ ಹೋದಾಗ ಹೋಗುತ್ತೇವೆ. ಅಜ್ಜಿ ಎದ್ದು ಕೂತು ಟೀ ಕೇಳಿದರೆ ಹುಡುಗಿಯ ಹತ್ತಿರವೇ ನಿಂತುಬಿಡುತ್ತೇವೆ. ಯಾರೂ ಸಾಯದ ತಪ್ಪು ಪುಕ್ಕಟೆಯಾಗಿ ಸಿಕ್ಕ ಎಚ್ಚರಿಕೆ. ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುವುದು ಎಂಥ ದುಂದುಗಾರಿಕೆ ಅಂತ ನನಗೆ ಹೊಟ್ಟೆ ಉರಿಯುತ್ತದೆ.

ಅಮೆರಿಕದಲ್ಲಾದರೂ ಇದು ಪೂರ್ತಿ ನೆಟ್ಟಗಿದೆಯೇ ಅಂದರೆ ಅದೂ ಇಲ್ಲ. ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ಆಸ್ಪತ್ರೆಯಲ್ಲಿ 2017ರ ಡಿಸೆಂಬರ್‌ನಲ್ಲಿ ರಡೋಂಡಾ ವಾಟ್ ಎಂಬ ನರ್ಸ್ ವರ್ಸೆಡ್ ಎಂಬ ಔಷಧದ ಬದಲು ವೆಕ್ಯುರೋನಿಯಂ ಕೊಟ್ಟರು. ಔಷಧದ ಯಂತ್ರದಲ್ಲಿ ಹೆಸರಿನ ಮೊದಲ ಎರಡು ಅಕ್ಷರ ಟೈಪ್ ಮಾಡಿ, ಓವರ್‌ರೈಡ್ ಒತ್ತಿ ತೆಗೆದುಕೊಂಡದ್ದು. ರೋಗಿ ತೀರಿಕೊಂಡರು. ಆಕೆ ತನ್ನಿಂದಾದದ್ದನ್ನು ಮುಚ್ಚಿಡಲಿಲ್ಲ, ಹೇಳಿದರು. 2022ರಲ್ಲಿ ಕ್ರಿಮಿನಲ್ ಕೇಸಿನಲ್ಲಿ ತಪ್ಪಿತಸ್ಥೆ ಅಂತ ತೀರ್ಪಾಯಿತು, ಮೂರು ವರ್ಷ ಪ್ರೊಬೇಷನ್. ಬಾಯಿಬಿಟ್ಟು ಹೇಳಿದರೆ ಹೀಗಾಗುತ್ತದೆ ಅಂತ ಅಲ್ಲಿಯ ನರ್ಸುಗಳು ರೊಚ್ಚಿಗೆದ್ದರು. ಈ ಕಥೆಯನ್ನು ತಂಗಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ. ಅವಳು ಮೊಬೈಲ್ ಕೆಳಗಿಟ್ಟು, "ಹಂಗಾದ್ರೆ ನಾನು ಕೂಗಬಾರದಿತ್ತು" ಅಂದಳು. ಚಿಕ್ಕಮ್ಮ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಧೈರ್ಯ ಹೇಳಲು ಕರೆದ ಮನುಷ್ಯ!

ಅವಳನ್ನು ಸಮಾಧಾನ ಮಾಡಿದ್ದು ನಾನಲ್ಲ, ಚಿಕ್ಕಪ್ಪ. ಅವರು ಭದ್ರಾವತಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇಪ್ಪತ್ತೈದು ವರ್ಷ ಲೇತ್ ಮೇಲೆ ಕೆಲಸ ಮಾಡಿದವರು. ಸಹಿ ಹಾಕಲು ಅರ್ಧ ದಿನದ ಸಂಬಳ ಬಿಟ್ಟು ಶಿವಮೊಗ್ಗ ಬಸ್ ಹತ್ತಿದವರು. ಪತ್ರದಲ್ಲಿ ಏನಿತ್ತು ಅಂತ ಓದಿಯೂ ಇರಲಿಲ್ಲ, ಇಂಗ್ಲಿಷು. ಅವರು ಎಡಗೈ ಮುಂದೆ ಚಾಚಿ ತೋರುಬೆರಳಿನ ತುದಿ ಇಲ್ಲದ್ದನ್ನು ತೋರಿಸಿದರು. ನಾವೆಲ್ಲ ಚಿಕ್ಕಂದಿನಿಂದ ನೋಡಿದ ಬೆರಳೇ. "ಇದು ಹೋದಾಗ ಗೋಡೆ ಮೇಲೆ ದೊಡ್ಡ ಬೋರ್ಡಿತ್ತಮ್ಮ, ಎಚ್ಚರಿಕೆಯಿಂದ ಕೆಲಸ ಮಾಡಿ ಅಂತ. ಆಮೇಲೆ ಚಕ್ ಮೇಲೆ ಗಾರ್ಡ್ ಹಾಕಿದ್ರು. ಅವತ್ತಿಂದ ಯಾರ ಬೆರಳೂ ಹೋಗಲಿಲ್ಲ. ಬೋರ್ಡು ಹಂಗೇ ಇದೆ." ನಾನು ಅರ್ಧ ಗಂಟೆ ಮಂಗಳ ಗ್ರಹದವರೆಗೆ ಸುತ್ತಿ ಹೇಳಲಾಗದ್ದನ್ನು ಅವರು ಒಂದು ಅರ್ಧ ಬೆರಳಿನಲ್ಲಿ ಹೇಳಿದರು. ಅವಳು ರಜೆ ಮುಗಿಸಿ ಕಾಲೇಜಿಗೆ ವಾಪಸ್ ಹೋದಳು.

ಪತ್ರದ ಬಗ್ಗೆ ನನ್ನ ಕೊನೆಯ ತಕರಾರು ಅದರ ವಿಳಾಸದ್ದು. ಅದು ಪ್ರಿನ್ಸಿಪಾಲರಿಗೆ ಬರೆದ ಕ್ಷಮಾಪಣೆ. ಪ್ರಿನ್ಸಿಪಾಲರ ಶುಗರ್ ಇಳಿದಿರಲಿಲ್ಲ. ಅಜ್ಜಿಗೂ ಅಜ್ಜಿಯ ಮಗನಿಗೂ ಹೇಳಿದ್ದು "ಶುಗರ್ ಸ್ವಲ್ಪ ಡೌನ್ ಆಗಿತ್ತು" ಅಂತ, ಅಷ್ಟೇ. ಯಾಕೆ ಇಳಿಯಿತು ಅಂತ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಆ ಮಗ ಅದೇ ವಯಲ್ ತೆಗೆದುಕೊಂಡು ಡಿಸ್ಚಾರ್ಜ್ ಆಗಿ ಊರಿಗೆ ಹೋಗಿರುತ್ತಾನೆ. ಅಲ್ಲಿ ಯಾವ ಮುಚ್ಚಳದ ಸಿರಿಂಜ್ ಕೊಂಡನೋ. ತಂಗಿಗೆ ರಾತ್ರಿ ನಿದ್ದೆ ಬಾರದೇ ಇರುವುದು ಇದಕ್ಕಂತೆ, ಪತ್ರಕ್ಕಲ್ಲ. ಮಾರನೇ ದಿನ ಡ್ಯೂಟಿಗೆ ಹೋದಾಗ ಅಜ್ಜಿ ಇವಳ ಕೈಗೆ ಎರಡು ಬಾಳೆಹಣ್ಣು ಕೊಟ್ಟು, "ನೀನು ನೋಡದಿದ್ರೆ ನಾನು ಹೋಗೇಬಿಡ್ತಿದ್ದೆ ಮಗಳೇ" ಅಂದಿತಂತೆ. ಇವಳು ಹಣ್ಣು ಇಸ್ಕೊಂಡು ಬಂದು ಬಾತ್‌ರೂಮಿನಲ್ಲಿ ಅತ್ತಳು. ಆ ಅಜ್ಜಿಗೆ ಇದ್ದದ್ದು ಇದ್ದ ಹಾಗೆ ಒಂದು ಪತ್ರ ಬರೆಯುವುದಾಗಿದ್ದರೆ ಮೊದಲ ಕರಡೇ ಸಾಕಿತ್ತು. ಒಂದಕ್ಷರ ತಿದ್ದಬೇಕಿರಲಿಲ್ಲ.

ಮೊನ್ನೆ ಫೋನ್ ಮಾಡಿದ್ದಳು. ಈಗ ಅವಳು ಸೀನಿಯರ್. ತನ್ನ ಜೊತೆ ಬರುವ ಹುಡುಗಿಯರಿಗೆ ಮೊದಲ ದಿನವೇ ಎರಡು ಸಿರಿಂಜನ್ನೂ ಕೈಗೆ ಕೊಟ್ಟು ತೋರಿಸುತ್ತಾಳಂತೆ. ಕಿತ್ತಳೆ ಮುಚ್ಚಳದ್ದನ್ನು ತನ್ನ ದುಡ್ಡಿನಲ್ಲೇ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಾಳೆ. ಮಾತಿನ ಮಧ್ಯೆ, "ಒಬ್ಬಳು ಜೂನಿಯರ್ ನಿನ್ನೆ ರಾತ್ರಿ ಆ ಟೆಂಪ್ಲೇಟ್ ಕಳಿಸಿ ಅಕ್ಕ ಅಂತ ಮೆಸೇಜ್ ಮಾಡಿದ್ಲು, ಕಳಿಸ್ದೆ" ಅಂದಳು.

"ಯಾಕೆ ಬೇಕಂತೆ? ಏನಾಯ್ತಂತೆ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಕೇಳೇ ಇಲ್ಲ ನಾನು," ಅಂದಳು. "ತಡಿ, ಅವಳ ರೂಮಿಗೆ ಹೋಗ್ತೀನಿ."